ಮೂರೂವರೆಯ ನಗು

ಸ್ಪೀಕರಿನಿಂದ ಒಬ್ಬ ಮುದುಕಿಯ ನಗು ಹೊರಬಿತ್ತು. ಮೊದಲು ಗಂಟಲಲ್ಲೇ ಗುಳುಗುಳು ಎಂದು, ಆಮೇಲೆ ತಡೆಯಲಾರದೆ ಬುಳಕ್ಕನೆ ಹೊರಗೆ ಬಂದ ನಗು. ಕೊನೆಗೆ ಒಂದು ಕೆಮ್ಮು. ಸೇತುವೆಯ ಮೇಲೆ ಸುತ್ತ ನಿಂತಿದ್ದ ಇಪ್ಪತ್ತು ಮಂದಿ ಆ ನಗುವನ್ನು ಕೇಳಿಯೇ ಇನ್ನಷ್ಟು ನಕ್ಕರು. ಗೇಷೆ ಮಾತ್ರ ನಗಲಿಲ್ಲ. ಯಾವಳಪ್ಪ ಇವಳು, ಹೀಗೆ ಹಲ್ಲು ಕಿಸಿಯುವವಳು, ಎಂದು ಮನಸ್ಸಿನಲ್ಲೇ ಬೈದುಕೊಂಡಳು.

"ಅಜ್ಜೀ," ಮೊಮ್ಮಗಳು ಫೆನ್ಯಾ ಅವಳ ತೋಳು ಹಿಡಿದು ಅಲುಗಿಸಿದಳು. "ಗೊತ್ತಾಗ್ಲಿಲ್ವಾ? ಅದು ನೀನೇ!"

ಗೇಷೆಯ ಕೈಯಲ್ಲಿದ್ದ ಮೀನಿನ ಬನ್ನು ಅರ್ಧ ತಿಂದದ್ದು ಹಾಗೇ ಉಳಿಯಿತು.

ಕಳೆದ ಭಾನುವಾರ ಅವಳಿಗೆ ಎಂಬತ್ತು ತುಂಬಿತ್ತು. ಕೇಕಿನ ತಟ್ಟೆಯ ಪಕ್ಕದಲ್ಲಿ ಫೆನ್ಯಾ ಒಂದು ಲಕೋಟೆ ಇಟ್ಟಿದ್ದಳು. ಒಳಗೆ ಹಳೇ ಬಂದರಿನ ಕಾಲ್ನಡಿಗೆ ಪ್ರವಾಸದ ಎರಡು ಟಿಕೆಟ್ಟು. "ಹ್ಯಾಂಬರ್ಗಲ್ಲೇ ಹುಟ್ಟಿ ಹ್ಯಾಂಬರ್ಗಲ್ಲೇ ಮುದುಕಿಯಾದೋಳಿಗೆ ಹ್ಯಾಂಬರ್ಗ್ ತೋರಿಸ್ತೀಯೇನೇ?" ಎಂದು ಗೇಷೆ ಗೊಣಗಿದ್ದಳು. "ಬಾ ಅಜ್ಜಿ, ಒಂದು ಗುಟ್ಟಿದೆ," ಎಂದಿದ್ದಳು ಫೆನ್ಯಾ. ಹಲ್ಲಿನ ಡಾಕ್ಟರ ಹತ್ತಿರ ಚೀಟಿ ಬರೆಯುವ ಕೆಲಸ ಅವಳದು. ಅದಕ್ಕೆ ಅರ್ಧ ದಿನ ರಜೆ ಹಾಕಿ ಬಂದಿದ್ದಳು. ಆ ಗುಟ್ಟು ಈಗ ಸ್ಪೀಕರಿನಲ್ಲಿ ಕೆಮ್ಮಿ ಸುಮ್ಮನಾಗಿತ್ತು.

ಪ್ರವಾಸ ನಡೆಸುವವನ ಹೆಸರು ಮಾಲ್ಟೆ. ಮೂವತ್ತರ ಆಸುಪಾಸು. ಹಳೇ ಕಾಲದ ಸುಂಕದವರ ಹಸಿರು ಕೋಟು, ಹಸಿರು ಟೋಪಿ, ಅಂಟಿಸಿಕೊಂಡ ಮೀಸೆ. ಎರಡು ಗಂಟೆಯಿಂದ ಅವನ ಹಿಂದೆ ನಡೆದು ನಡೆದು ಗೇಷೆಯ ಮಂಡಿ ಸೋತಿತ್ತು. ಚರ್ಚಿನ ಗೋಪುರ, ಹಿಂದೆ ಊರು ಸುಟ್ಟಾಗ ಬೆಂಕಿ ಹತ್ತಿದ ಬೀದಿ, ಕಾಲುವೆಯಂಚಿನ ಕೆಂಪು ಇಟ್ಟಿಗೆಯ ಉಗ್ರಾಣಗಳು, ಎಲ್ಲಕ್ಕೂ ಅವನ ಹತ್ತಿರ ಒಂದೊಂದು ಕಥೆಯಿತ್ತು. ಅವನು ಹೇಳಿದ್ದರಲ್ಲಿ ಸುಳ್ಳು ಹೆಚ್ಚಿರಲಿಲ್ಲ, ಹಾಗಾಗಿ ಗೇಷೆ ಸುಮ್ಮನೆ ನಡೆದಿದ್ದಳು. ಮೂರೂವರೆಗೆ ಸರಿಯಾಗಿ ಈ ಸೇತುವೆಗೆ ಬಂದರು.

ಇಲ್ಲಿ ಮಾಲ್ಟೆ ತನ್ನ ಚೀಲದಿಂದ ಒಂದು ದಿಂಬು ತೆಗೆದ. ದಕ್ಷಿಣದ ಕಡೆಯಿಂದ ಹೆಂಡತಿಯ ಜೊತೆ ಬಂದಿದ್ದ ಒಬ್ಬ ದಢೂತಿ ಮನುಷ್ಯನನ್ನು ಮುಂದಕ್ಕೆ ಕರೆದು ದಿಂಬನ್ನು ಅವನ ಹೊಟ್ಟೆಗೆ ಕಟ್ಟಿದ. ತಲೆಗೆ ಒಂದು ಹೂವಿನ ವಸ್ತ್ರ ಸುತ್ತಿದ.

"ನೋಡಿ ಸ್ವಾಮಿ, ಇವಳೇ ಆಲ್ವೀನೆ! ದಪ್ಪ ಆಲ್ವೀನೆ! ಸಾವಿರದ ಒಂಬೈನೂರ ಐವತ್ತೊಂದು. ಆಗ ಉಗ್ರಾಣಗಳ ಪಾಳ್ಯ ಸುಂಕದ ಗಡಿಯಿಂದ ಆಚೆ. ಒಳಗೆ ಕಾಫಿಬೀಜ ಆರಿಸೋ ಹೆಂಗಸರು ಐನೂರು ಜನ. ಸಂಜೆ ಕೆಲಸ ಬಿಟ್ಟು ಊರಿಗೆ ಬರೋದು ಈ ಸೇತುವೆ ಮೇಲೇ, ಸುಂಕದವನ ಕಣ್ಣೆದುರಿಗೇ. ಕಾಫಿಗೆ ಬಂಗಾರದ ಬೆಲೆ. ಆಲ್ವೀನೆ ಬಂದ್ಲು. ಹೊಟ್ಟೆ ನೋಡಿದ್ರೆ ಮಾರುದ್ದ! ಒಳಗೇನಮ್ಮ? ಮಗು ಸಾಹೇಬ್ರೇ. ಮಗುವಾ? ನೋಡೇಬಿಡೋಣ!"

ಅವನ ಕೈಯಲ್ಲಿದ್ದದ್ದು ಮೂಟೆಗೆ ಚುಚ್ಚಿ ಕಾಳಿನ ಮಾದರಿ ತೆಗೆಯುವ ಕೊಳವೆ. ಮೊಳದುದ್ದದ ಹಿತ್ತಾಳೆ, ತುದಿ ಮೊನಚು, ನಡುವೆ ಸೀಳು. ಅದನ್ನು ಎತ್ತಿ ದಿಂಬಿಗೆ ಚುಚ್ಚಿದ. ದಿಂಬಿನ ಕಿಂಡಿಯಿಂದ ಕಾಫಿಬೀಜ ಸೊರ್ ಎಂದು ಸುರಿದು ಕಲ್ಲುಹಾಸಿನ ಮೇಲೆಲ್ಲ ಚೆಲ್ಲಿತು.

"ಹುಡುಗ!" ಎಂದು ಕೂಗಿದ ಮಾಲ್ಟೆ. "ಹುಡುಗ ಹುಟ್ಟಿದ! ಬ್ರೆಜಿಲ್‌ನವನು!"

ಜನ ಬಿದ್ದು ಬಿದ್ದು ನಕ್ಕರು. ಆಗಲೇ ಅವನು ಸೊಂಟದ ಸ್ಪೀಕರನ್ನು ಒತ್ತಿ ಆ ಮುದುಕಿಯ ನಗುವನ್ನು ಹಾಕಿದ್ದು.

"ಇದು ಆಲ್ವೀನೆಯ ಮಗಳ ನಗು," ಎಂದ ಈಗ, ಟೋಪಿ ತೆಗೆದು. "ನಿಜವಾದ ನಗು, ನಾಟಕದ್ದಲ್ಲ. ಮತ್ತೆ ಇವತ್ತು ವಿಶೇಷ ಏನು ಗೊತ್ತಾ? ಆ ಮಗಳು ನಮ್ಮ ಜೊತೆಗೇ ಇದಾರೆ. ಎಂಬತ್ತನೇ ಹುಟ್ಟುಹಬ್ಬ! ಜೋರಾಗಿ ಒಂದು ಚಪ್ಪಾಳೆ!"

ಚಪ್ಪಾಳೆ ಬಿತ್ತು. ಫೆನ್ಯಾಳ ಮುಖ ಅರಳಿತ್ತು. ಗೇಷೆ ನೆಲ ನೋಡಿದಳು. ಕಲ್ಲಿನ ಸಂದಿಯಲ್ಲಿ ಬಿದ್ದಿದ್ದ ಬೀಜಗಳು ಕಪ್ಪಗೆ, ಎಣ್ಣೆ ಹೊಳಪಿನಿಂದ ಮಿನುಗುತ್ತಿದ್ದವು. ಹುರಿದ ಬೀಜ. ಅಂಗಡಿಯ ಬೀಜ. ಆ ಉಗ್ರಾಣಗಳಲ್ಲಿ ಒಂದೇ ಒಂದು ಹುರಿದ ಬೀಜ ಯಾವತ್ತೂ ಇರಲಿಲ್ಲ. ಎಲ್ಲ ಹಸಿ, ಬೂದುಹಸಿರು. ಅಷ್ಟೂ ಗೊತ್ತಿಲ್ಲದವನು ಅಮ್ಮನ ಹೊಟ್ಟೆಗೆ ಕೈ ಹಾಕಿದ್ದಾನೆ, ಎಂದುಕೊಂಡಳು. ಕಿವಿಯ ಹಿಂದೆ ಬಿಸಿಯೇರಿತು.

"ನಮ್ಮಮ್ಮ ದಪ್ಪ ಇರ್ಲಿಲ್ಲ," ಎಂದಳು.

"ಜೋರಾಗಿ ಹೇಳಿ ತಾಯಿ, ಹಿಂದಿನವ್ರಿಗೂ ಕೇಳ್ಲಿ," ಎಂದು ಮಾಲ್ಟೆ ಸ್ಪೀಕರಿನ ಮೈಕನ್ನು ಅವಳ ಬಾಯಿಯ ಹತ್ತಿರ ಹಿಡಿದ.

"ನಮ್ಮಮ್ಮ ದಪ್ಪ ಇರ್ಲಿಲ್ಲ. ಕಡ್ಡಿ ಹಂಗಿದ್ಲು. ಆ ವರ್ಷ ಈ ಊರಲ್ಲಿ ದಪ್ಪ ಇದ್ದಿದ್ದು ಪಾರಿವಾಳ ಮಾತ್ರ."

ಜನ ನಕ್ಕರು. ಗೇಷೆ ಬೆಚ್ಚಿದಳು. ಪಾರಿವಾಳದ ಮಾತು ಅವಳದಲ್ಲ, ಅಮ್ಮನದು. ಅಮ್ಮ ಪ್ರತಿ ಹುಟ್ಟುಹಬ್ಬದಲ್ಲೂ ಬೆಣ್ಣೆ ಕೇಕು ಕತ್ತರಿಸುತ್ತ, ಚಾಕುವನ್ನು ಗಾಳಿಯಲ್ಲಿ ಹಿಡಿದು, ಇಲ್ಲೇ ಒಂದು ಗಳಿಗೆ ನಿಲ್ಲಿಸಿ, ನೆರೆಹೊರೆಯವರ ಮುಖ ನೋಡಿ ಮುಂದುವರಿಸುತ್ತಿದ್ದಳು. ಈ ಊರಿನ ಜನ ಹಾಗೆ. ಮನೆ ಸುಟ್ಟದ್ದನ್ನೂ ನೆರೆ ಬಂದದ್ದನ್ನೂ ಕಾಫಿ ಮೇಜಿನ ಮೇಲೆ ನಗೆಕಥೆ ಮಾಡಿಯೇ ಹೇಳುವವರು. ಬೇರೆ ಥರ ಹೇಳಲು ಅವರಿಗೆ ಬಾರದು. ಅಳುವ ಕಥೆ ಹೇಳುವವನ ಮನೆಗೆ ಎರಡನೇ ಸಲ ಯಾರೂ ಹೋಗುತ್ತಿರಲಿಲ್ಲ.

ಸರಿಯಾಗಿ ಹೇಳಬೇಕು ಎಂದು ಗೇಷೆ ಹಲ್ಲು ಕಚ್ಚಿದಳು. ಇದ್ದದ್ದನ್ನು ಇದ್ದ ಹಾಗೆ.

"ಹಿಮ ಬಿದ್ದಿತ್ತು. ಅಮ್ಮನಿಗೆ ಏಳು ತಿಂಗಳು. ದಿಂಬಲ್ಲ, ನಿಜವಾದ ಬಸುರಿ. ಹೆಂಗಸರನ್ನ ತಡವೋಕೆ ಒಬ್ಬ ಹೆಂಗಸೇ ಇರ್ತಿದ್ಲು ಇಲ್ಲಿ. ಅವತ್ತು ಅವಳಿಗೆ ಜ್ವರ. ಗಂಡಸು ಹೆಂಗಸಿನ ಮೈಗೆ ಕೈ ಹಚ್ಚೋ ಹಂಗಿಲ್ಲ ಅಂತ ಕಾನೂನು. ಕೈ ಹಚ್ಚಬಾರದು ಅಂತ ಸುಂಕದವನು ಕೊಳವೆ ಹಚ್ಚಿದ. ಕಾನೂನಿನ ಮನುಷ್ಯ!"

ಮತ್ತೆ ನಗು. ದಕ್ಷಿಣದ ದಢೂತಿ ಮನುಷ್ಯ ದಿಂಬಿನ ಮೇಲೆ ಕೈಯಿಟ್ಟುಕೊಂಡು ಕುಲುಕಿ ಕುಲುಕಿ ನಗುತ್ತಿದ್ದ. ಗೇಷೆಯ ನಾಲಗೆ ಅವಳ ಮಾತು ಕೇಳಲಿಲ್ಲ. ಹಳೇ ಕುದುರೆ ಮನೆಯ ದಾರಿ ಹಿಡಿದ ಹಾಗೆ ಅದು ಅಮ್ಮನ ದಾರಿಯನ್ನೇ ಹಿಡಿದಿತ್ತು. ಅದೇ ನಿಲುಗಡೆ, ಅದೇ ಏರಿಳಿತ.

"ಒಳಗೇನು ಅಂದ. ಬಾಡಿಗೆದಾರ ಸಾಹೇಬ್ರೇ, ಅಂದ್ಲು ಅಮ್ಮ. ಎರಡು ತಿಂಗಳಿಗೆ ಖಾಲಿ ಮಾಡ್ತಾನೆ."

ಇದಕ್ಕೆ ಬಿದ್ದ ನಗು ಎಲ್ಲಕ್ಕಿಂತ ದೊಡ್ಡದು. ಯಾರೋ ಸಿಳ್ಳೆ ಹಾಕಿದರು. ಮೂರು ನಾಲ್ಕು ಫೋನುಗಳು ಅವಳ ಮುಖದ ಕಡೆಗೇ ತಿರುಗಿದ್ದವು. "ಎರಡು ತಿಂಗಳಿಗಲ್ಲ..." ಎಂದು ಗೇಷೆ ಶುರು ಮಾಡಿದಳು. ಅಷ್ಟರಲ್ಲೇ ಮಾತು ಮುಗಿಯಿತೆಂದುಕೊಂಡು ಜನ ಚಪ್ಪಾಳೆ ತಟ್ಟಿದರು.

"ನೋಡಿದ್ರಾ, ರಕ್ತದಲ್ಲೇ ಬಂದಿದೆ!" ಎಂದ ಮಾಲ್ಟೆ. "ಐದು ನಿಮಿಷ ಫೋಟೋ ತಗೊಳ್ಳಿ, ಆಮೇಲೆ ಮುಂದೆ ಹೋಗೋಣ."

ಗೇಷೆ ಕಂಬಿಯ ಹತ್ತಿರ ಹೋಗಿ ಜನಕ್ಕೆ ಬೆನ್ನು ಹಾಕಿ ನಿಂತಳು. ಅರ್ಧ ಬನ್ನನ್ನು ಕಾಲುವೆಗೆ ಎಸೆದಳು. ಕಡಲಹಕ್ಕಿಯೊಂದು ನೀರಿಗೆ ಬೀಳುವ ಮೊದಲೇ ಅದನ್ನು ಕಚ್ಚಿಕೊಂಡು ಹೋಯಿತು.

ಹದಿನೈದು ವರ್ಷದ ಹಿಂದೆ, ಹಳೇ ಕೆಲಸಗಾರರ ನೆನಪು ಕೂಡಿಹಾಕುತ್ತೇವೆ ಎಂದು ಬಿಳಿ ಗಡ್ಡದವನೊಬ್ಬ ಮನೆಗೆ ಬಂದಿದ್ದ. ಒಳ್ಳೆಯವನು. ಬೂಟು ಬಾಗಿಲಲ್ಲೇ ಬಿಚ್ಚಿಟ್ಟ. ಎರಡು ತುಂಡು ಕೇಕು ತಿಂದ. ದನಿ ಹಿಡಿಯುವ ಪೆಟ್ಟಿಗೆಯ ಕೆಂಪು ದೀಪ ಹೊತ್ತಿಸಿ, "ಏನಾದ್ರೂ ಖುಷಿಯಾದ್ದು ಹೇಳಿ ಗೇಷೆಮ್ಮ, ಎಲ್ಲರೂ ಬರೀ ಯುದ್ಧದ್ದೇ ಹೇಳ್ತಾರೆ," ಎಂದ. ಅವಳು ಅಮ್ಮನ ಕಥೆ ಹೇಳಿದಳು. ಹೇಳುತ್ತ ಹೇಳುತ್ತ ತಾನೇ ನಕ್ಕಳು. ಹೋಗುವಾಗ ಅವನು ಒಂದು ಕಾಗದ ಮುಂದಿಟ್ಟ. ಅವಳು ಹದಿನೈದಕ್ಕೇ ಶಾಲೆ ಬಿಟ್ಟು ಅಮ್ಮನ ಹಾಗೇ ಬೀಜ ಆರಿಸಲು ಹೋದವಳು. ಆ ಸಣ್ಣ ಅಕ್ಷರಕ್ಕೆ ಕನ್ನಡಕ ಹುಡುಕುವ ತಾಳ್ಮೆಯಿರಲಿಲ್ಲ. ಸಹಿ ಹಾಕಿದಳು.

"ಅಜ್ಜಿ, ಯಾಕೆ? ಏನಾಯ್ತು?" ಫೆನ್ಯಾ ಹಿಂದಿನಿಂದ ಬಂದಳು. "ಎಲ್ಲರಿಗೂ ಎಷ್ಟು ಇಷ್ಟ ಆಯ್ತು."

"ಅವನಿಗೆ ಹೇಳು, ಇದನ್ನ ನಿಲ್ಲಿಸು ಅಂತ."

"ಏನನ್ನ?"

"ಅಮ್ಮನ್ನ ಚುಚ್ಚೋದನ್ನ."

ಮಾಲ್ಟೆಯೂ ಬಂದ. ಮೀಸೆಯ ಒಂದು ತುದಿ ಬೆವರಿಗೆ ಬಿಟ್ಟುಕೊಂಡಿತ್ತು. "ತಾಯಿ, ನಿಮಗೆ ಬೇಜಾರಾಗಿದ್ರೆ ಕ್ಷಮಿಸಿ. ದಪ್ಪ ಅನ್ನೋ ಮಾತು ತೆಗೀತೀನಿ, ಅದು ನಾನು ಸೇರಿಸಿದ್ದು."

"ಎಲ್ಲಾ ತೆಗಿ."

"ಎಲ್ಲಾ ಅಂದ್ರೆ?" ಅವನು ತಲೆ ಕೆರೆದ. "ಇಡೀ ಪ್ರವಾಸದಲ್ಲಿ ಜನ ನೆನಪಿಟ್ಕೊಳ್ಳೋದು ಇದೊಂದನ್ನೇ. ಬೇರೆ ಊರಿಂದ ಕೇಳ್ಕೊಂಡು ಬರ್ತಾರೆ, ಆಲ್ವೀನೆ ಸೇತುವೆ ಎಲ್ಲಿ ಅಂತ. ಉಗ್ರಾಣದ ಯಜಮಾನರ ಹೆಸರು ಗೋಡೆಗೋಡೆ ಮೇಲೂ ಕೆತ್ತಿದಾರೆ. ಬೀಜ ಆರಿಸಿದ ಹೆಂಗಸರಲ್ಲಿ ಹೆಸರು ಉಳಿದಿರೋದು ನಿಮ್ಮಮ್ಮನ್ದು ಮಾತ್ರ. ಅದು ನನ್ನಿಂದ."

"ಅದು ಅವಳಲ್ಲ."

"ನೀವೇ ಹೇಳಿದ್ದು ತಾಯಿ. ನಿಮ್ಮ ಬಾಯಿಂದಲೇ. ಸಹಿ ಇದೆ." ಅವನ ದನಿ ಏರಲಿಲ್ಲ, ಅದೇ ಅವಳಿಗೆ ಹೆಚ್ಚು ಉರಿಯಿತು. "ಮತ್ತೆ ನಕ್ಕಿದ್ದೂ ನೀವೇ. ಆ ನಗು ನಾನು ಮಾಡಿಸಿದ್ದಲ್ಲ."

ಗೇಷೆ ಕಂಬಿಯನ್ನು ಹಿಡಿದುಕೊಂಡಳು. ಕೆನ್ನೆಗೆ ಹೊಡೆದಿದ್ದರೆ ತಿರುಗಿ ಹೊಡೆಯಬಹುದಿತ್ತು. ಇದಕ್ಕೆ ಏನು ಮಾಡುವುದು?

"ಹೌದಲ್ವಾ ಅಜ್ಜಿ," ಫೆನ್ಯಾ ಮೆಲ್ಲಗೆ ಹೇಳಿದಳು. "ಪ್ರತಿ ವರ್ಷ ನೀನು ಹೀಗೇ ಹೇಳ್ತಿದ್ದೆ. ಬ್ರೆಜಿಲ್‌ನವನು ಅಂತ ನಾವು ಮಕ್ಕಳೆಲ್ಲ ಒಟ್ಟಿಗೆ ಕೂಗ್ತಿದ್ವಿ. ನೀನೇ ಕೈ ಎತ್ತಿ ಕೂಗಿಸ್ತಿದ್ದೆ."

"ಅದು ಮನೇಲಿ."

"ಮನೇಲಾದ್ರೆ ನಗಬಹುದು, ಇಲ್ಲಿ ನಗಬಾರದಾ?"

"ಇಲ್ಲೇ ಕಣೇ ಅದು ನಡೆದಿದ್ದು!" ಗೇಷೆ ಅಂಗೈಯಿಂದ ಕಂಬಿಗೆ ಬಡಿದಳು. ಫೋಟೋ ತೆಗೆಯುತ್ತಿದ್ದವರು ತಿರುಗಿ ನೋಡಿದರು. "ಇದೇ ಕಲ್ಲಿನ ಮೇಲೆ. ಆ ಬಾಡಿಗೆದಾರ ಏನಾದ ಅಂತ ಒಬ್ಬರಾದ್ರೂ ಕೇಳಿದ್ರಾ? ನೀನು ಕೇಳಿದ್ಯಾ? ಇಪ್ಪತ್ನಾಲ್ಕು ವರ್ಷ ನನ್ನ ಕೇಕು ತಿಂದೆ. ಒಂದು ದಿನ ಕೇಳಿದ್ಯಾ?"

"ನೀನು ಹೇಳಿದ್ರೆ ತಾನೇ ಗೊತ್ತಾಗೋದು!" ಫೆನ್ಯಾಳಿಗೂ ಸಿಟ್ಟು ಬಂತು. ಕಣ್ಣು ಕೆಂಪಾದವು. "ಮಗು ಅನ್ನೋದೇ ಸುಳ್ಳು ಅಂತ ತಾನೇ ನಾವೆಲ್ಲ ಅಂದ್ಕೊಂಡಿದ್ದು? ನಿಂಗೆ ಒಂದು ಖುಷಿ ಆಗ್ಲಿ ಅಂತ ಎರಡು ತಿಂಗಳಿಂದ ಇವರಿಗೆ ಫೋನ್ ಮಾಡಿ ಮಾಡಿ... ನಾನೇನು ತಪ್ಪು ಮಾಡ್ದೆ?"

ಹನ್ನೆರಡು ವರ್ಷದವಳಿದ್ದಾಗ ಗೇಷೆಯೂ ಒಂದು ಸಲ ಕೇಳಿದ್ದಳು. ಮೇಜಿನ ಸುತ್ತ ಎಲ್ಲರೂ ನಕ್ಕು ಕಣ್ಣೊರೆಸಿಕೊಳ್ಳುತ್ತಿದ್ದಾಗ, "ಮತ್ತೆ ಉವೆ?" ಎಂದಿದ್ದಳು. ಅಮ್ಮನ ಚಾಕು ಕೇಕಿನಲ್ಲೇ ನಿಂತಿತು. ಅಪ್ಪ ಕೆಮ್ಮುತ್ತ ಎದ್ದು ಹೊರಗೆ ಹೋದ. ಅಮ್ಮ ಅವಳ ಕಡೆ ನೋಡದೆ, "ಕಾಫಿ ಆರಿಹೋಗ್ತದೆ, ಕುಡೀರಿ," ಎಂದಳು. ಅವತ್ತಿನಿಂದ ಗೇಷೆ ಕೇಳಲಿಲ್ಲ. ನಗುವುದನ್ನು ಕಲಿತಳು. ಅಮ್ಮ ಹೋದ ಮೇಲೆ ಚಾಕು ಅವಳ ಕೈಗೆ ಬಂತು, ಕಥೆಯೂ ಬಂತು.

"ಆ ದಿಂಬು ಕೊಡು," ಎಂದಳು ಮಾಲ್ಟೆಗೆ.

"ಯಾಕೆ?"

"ಕೊಡು ಅಂದ್ನಲ್ಲ."

ದಕ್ಷಿಣದವನು ಆಗಲೇ ದಿಂಬು ಬಿಚ್ಚಿ ಹೆಂಡತಿಯ ಕೈಗೆ ಕೊಟ್ಟಿದ್ದ. ಗೇಷೆ ಹೋಗಿ ಅದನ್ನು ಇಸಿದುಕೊಂಡಳು. ಕೋಟಿನ ಗುಂಡಿ ಬಿಚ್ಚಿ, ದಿಂಬನ್ನು ಹೊಟ್ಟೆಗೆ ಒತ್ತಿ, ಮೇಲೆ ಮತ್ತೆ ಗುಂಡಿ ಹಾಕಿದಳು. ಕೆಳಗಿನ ಒಂದು ಗುಂಡಿ ಸೇರಲೇ ಇಲ್ಲ. ಇನ್ನೂ ಏನೋ ತಮಾಷೆಯಿದೆ ಎಂದು ಜನ ಮತ್ತೆ ಸುತ್ತುಗಟ್ಟಿದರು. ಯಾರೋ ಒಬ್ಬ ಆಗಲೇ ನಗತೊಡಗಿದ.

ಅವಳು ಮಾಲ್ಟೆಯ ಮುಂದೆ ಹೋಗಿ ನಿಂತಳು. ಅವನ ಎದೆಯ ಮಟ್ಟಕ್ಕೆ ಬರುತ್ತಿದ್ದಳು ಅಷ್ಟೇ.

"ಚುಚ್ಚು."

"ತಾಯಿ, ಇದೆಲ್ಲಾ ಯಾಕೆ..." ಅವನು ಜನರ ಕಡೆ ನೋಡಿ ನಕ್ಕ. "ನಮ್ಮ ಅಜ್ಜಿಯವರು ನಟಿ ಆಗಬೇಕಿತ್ತು."

"ದಿನಾ ಮೂರೂವರೆಗೆ ಚುಚ್ತೀಯಲ್ಲ. ಚುಚ್ಚು. ಎರಡು ಸಲ. ನೀನು ಒಂದೇ ಸಲ ಚುಚ್ತೀಯ, ತಪ್ಪು ಅದು. ಮೊದಲನೇ ಸಲ ಕೋಟು ಹರೀತು ಅಷ್ಟೇ, ಏನೂ ಬರ್ಲಿಲ್ಲ. ಆಗ ಅಮ್ಮ ಬಗ್ಗಿ ಹೊಟ್ಟೆ ಹಿಡ್ಕೊಂಡ್ಲು. ಕೈ ತೆಗಿ ಅಂದ ಅವನು. ಕೈ ತೆಗೆದ್ಲು. ಎರಡನೇ ಸಲ ಚುಚ್ಚಿದ. ಹೊಟ್ಟೆ ಕೆಳಗೆ ಕಟ್ಟಿದ್ದ ಚೀಲ ಒಡೀತು. ಒಂದು ಹಿಡಿ ಬೀಜ ಇತ್ತು ಅದರಲ್ಲಿ, ನಿನ್ನ ಹಂಗೆ ಮೂಟೆಗಟ್ಟಲೆ ಅಲ್ಲ. ಒಂದು ಹಿಡಿ. ಅಪ್ಪನಿಗೆ ಎದೆ ರೋಗ, ಬೆಣ್ಣೆ ಬೇಕಿತ್ತು. ಹಳ್ಳಿಯವರು ಬೆಣ್ಣೆ ಕೊಡೋರು ಕಾಫಿಗೆ."

ಈಗ ಅವಳ ದನಿಯಲ್ಲಿ ಅಮ್ಮನ ಏರಿಳಿತ ಇರಲಿಲ್ಲ. ದನಿಯೇ ಇರಲಿಲ್ಲ, ಬರೀ ಉಸಿರು. ಮೈಕು ದೂರವಿದ್ದರೂ ಎಲ್ಲರಿಗೂ ಕೇಳುತ್ತಿತ್ತು.

"ಹುಡುಗ, ಬ್ರೆಜಿಲ್‌ನವನು ಅಂದವನು ನೀನಲ್ಲ, ಅವನು. ಸಾಲಲ್ಲಿ ನಿಂತಿದ್ದ ಹೆಂಗಸರೆಲ್ಲ ನಕ್ರು. ಅವರ ತುರುಬಲ್ಲಿ ಬೀಜ, ಲಂಗದ ಅಂಚಲ್ಲಿ ಬೀಜ. ನಗದಿದ್ರೆ ಅವರನ್ನೂ ಹಿಡೀತಿದ್ದ. ಜೋರಾಗಿ ನಕ್ರು. ಅಮ್ಮನ ಹತ್ರ ಚೆಲ್ಲಿದ್ದನ್ನೆಲ್ಲ ಹೆಕ್ಕಿಸ್ದ. ಹಿಮದಲ್ಲಿ ಮಂಡಿಯೂರಿ ಹೆಕ್ಕಿದ್ಲು. ಹೌದು, ಮಗು ಹುಡುಗನೇ. ಮಂಗಳವಾರ ಹುಟ್ಟಿದ. ಉವೆ ಅಂತ ಹೆಸರಿಟ್ರು. ಗುರುವಾರ ಹೋದ. ಕೊಳವೆ ತಾಗಿತ್ತೋ, ಬರೀ ಹೆದರಿಕೆಗೆ ಆಯ್ತೋ, ಸೂಲಗಿತ್ತಿ ಹೇಳ್ಲಿಲ್ಲ, ಅಮ್ಮ ಕೇಳ್ಲಿಲ್ಲ. ಚುಚ್ಚು."

ಮಾಲ್ಟೆಯ ಕೈಯಲ್ಲಿ ಕೊಳವೆಯಿತ್ತು. ಅವನು ಅದನ್ನು ಬೆನ್ನ ಹಿಂದೆ ಸರಿಸಿದ. ನಗುತ್ತಿದ್ದವನನ್ನು ಪಕ್ಕದ ಹೆಂಗಸು ಮೊಣಕೈಯಿಂದ ತಿವಿದಳು. ಫೋನುಗಳು ಒಂದೊಂದಾಗಿ ಕೆಳಗಿಳಿದವು. ಒಂದು ಮಾತ್ರ ಇಳಿಯಲಿಲ್ಲ.

"ಚುಚ್ಚು ಅಂತಿದೀನಿ. ಯಾಕೆ ನಿಂತೆ? ದಿಂಬು ತಾನೇ?"

"ನನ್ನಿಂದಾಗಲ್ಲ," ಎಂದ ಮಾಲ್ಟೆ.

"ಅವನಿಂದಾಯ್ತು."

ಕಾಲುವೆಯಲ್ಲಿ ಒಂದು ದೋಣಿ ಬಂತು. ದೋಣಿಯವನು ಸೇತುವೆಯ ಮೇಲಿದ್ದವರಿಗೆ "ಮೊಯಿನ್!" ಎಂದು ಈ ಊರಿನ ನಮಸ್ಕಾರ ಕೂಗಿ ಕೈಬೀಸಿದ. ಯಾರೂ ಬೀಸಲಿಲ್ಲ. ದೋಣಿ ಸೇತುವೆಯಡಿ ಹೋಯಿತು.

"ನಾಳೆ ಮೂರೂವರೆಗೆ ಏನು ಹೇಳ್ತೀಯ?" ಗೇಷೆ ಕೇಳಿದಳು.

ಮಾಲ್ಟೆ ಸ್ಪೀಕರಿನ ಗುಂಡಿಯ ಮೇಲೆ ಬೆರಳಾಡಿಸಿದ. ಏನೋ ಹೇಳಲು ಬಾಯಿ ತೆರೆದ. ಸೇತುವೆಯ ಆ ತುದಿಯಲ್ಲಿ ಕೆಂಪು ಕೊಡೆ ಎತ್ತಿ ಹಿಡಿದ ಇನ್ನೊಬ್ಬಳು, ತನ್ನ ಗುಂಪಿನ ಜೊತೆ ಜಾಗ ಖಾಲಿಯಾಗುವುದನ್ನೇ ಕಾಯುತ್ತ, ಗಡಿಯಾರ ತೋರಿಸಿ ಸನ್ನೆ ಮಾಡಿದಳು. ಅವನು ಕೊಳವೆಯನ್ನು ಕಂಬಿಗೊರಗಿಸಿ, ಟೋಪಿಯನ್ನು ಕಂಕುಳಲ್ಲಿ ಇರುಕಿಕೊಂಡ. "ಹೋಗೋಣ," ಎಂದ ಜನಕ್ಕೆ, ತನ್ನದೇ ದನಿಯಲ್ಲಿ. ಅವರು ಅವನ ಹಿಂದೆ ಹೋದರು. ದಕ್ಷಿಣದ ದಢೂತಿ ಮನುಷ್ಯ ತಲೆಯ ಹೂವಿನ ವಸ್ತ್ರ ಬಿಚ್ಚಿ, ಎಲ್ಲಿಡುವುದೆಂದು ತಿಳಿಯದೆ, ಮಡಿಸಿ ಕಂಬಿಯ ಮೇಲಿಟ್ಟು ಹೋದ. ಹಿತ್ತಾಳೆಯ ಕೊಳವೆ ಅಲ್ಲೇ ಉಳಿಯಿತು.

ಗೇಷೆಯ ಸಿಟ್ಟು ಇಳಿದಿರಲಿಲ್ಲ. ಕಂಬಿ ಹಿಡಿದು ಮೆಲ್ಲಗೆ ಕೂತಳು, ಮೊದಲು ಒಂದು ಮಂಡಿ, ಆಮೇಲೆ ಇನ್ನೊಂದು. ಹೊಟ್ಟೆಯ ದಿಂಬು ಅಡ್ಡ ಬಂತು. ಅದನ್ನು ತೆಗೆಯಲಿಲ್ಲ. ಕಲ್ಲಿನ ಸಂದಿಯಿಂದ ಒಂದು ಬೀಜ ಹೆಕ್ಕಿದಳು. ಇನ್ನೊಂದು.

"ಬಿಡು ಅಜ್ಜಿ, ಗುಡಿಸೋರು ಬರ್ತಾರೆ," ಎಂದಳು ಫೆನ್ಯಾ.

"ಚೆಲ್ಲಿದ್ದನ್ನ ಬಿಟ್ಟು ಹೋಗಬಾರದು."

ಫೆನ್ಯಾ ತನ್ನ ಬಿಳೀ ಪ್ಯಾಂಟನ್ನು ನೋಡಿಕೊಂಡಳು, ಕಲ್ಲಿನ ಮೇಲೆ ಮಂಡಿಯೂರಿದಳು. ಕೆಂಪು ಕೊಡೆಯವಳ ಗುಂಪು ಅವರಿಬ್ಬರನ್ನು ಬಳಸಿಕೊಂಡು ಹೋಯಿತು. ಬೂಟುಗಳು ನಿಂತವು, ಹಾದುಹೋದವು.

"ನೀನೆಲ್ಲಿದ್ದೆ ಅಜ್ಜಿ, ಆಗ?"

ಗೇಷೆ ಗದ್ದದಿಂದ ಸೇತುವೆಯ ಊರ ಕಡೆಯ ತುದಿಯನ್ನು ತೋರಿಸಿದಳು. "ಅಲ್ಲಿ, ದೀಪದ ಕಂಬದ ಹತ್ರ. ಎಂಟು ವರ್ಷ. ಅಮ್ಮನ್ನ ಕರ್ಕೊಂಡು ಹೋಗೋಕೆ ಬಂದಿದ್ದೆ. ಶನಿವಾರ ಶನಿವಾರ ಬರ್ತಿದ್ದೆ."

"ಎಲ್ಲಾ ನೋಡಿದ್ಯಾ?"

"ನೋಡ್ದೆ."

"ಏನ್ ಮಾಡ್ದೆ?"

ಗೇಷೆ ಒಂದು ಬೀಜವನ್ನು ಉಗುರಿನಿಂದ ಕೀಳಲು ನೋಡುತ್ತಿದ್ದಳು. ಅದು ಸಂದಿಯಲ್ಲಿ ಸಿಕ್ಕಿಕೊಂಡಿತ್ತು, ಬರಲಿಲ್ಲ.

"ನಕ್ಕೆ," ಎಂದಳು. "ಎಲ್ರೂ ನಕ್ರು, ನಾನೂ ನಕ್ಕೆ. ಎಲ್ಲರಿಗಿಂತ ಕೊನೇಲಿ ನಿಂತಿದ್ದು ನನ್ನ ನಗು. ಅಮ್ಮ ನೆಲದಿಂದ ತಲೆ ಎತ್ತಿ ನೋಡಿದ್ಲು."

ಅಜ್ಜಿಯ ಉಗುರಿಗೆ ಬಾರದ ಬೀಜವನ್ನು ಫೆನ್ಯಾ ಕಿತ್ತು ತೆಗೆದಳು. ಅಜ್ಜಿಯ ಅಂಗೈ ತುಂಬಿದ್ದನ್ನು ಕಂಡು ತನ್ನ ಎರಡೂ ಕೈ ಚಾಚಿದಳು.

"ಜೋಡಿಸಬೇಡ," ಎಂದಳು ಗೇಷೆ. "ಬೇರೆ ಬೇರೆ ಹಿಡಿ. ಎಡಗೈ ಒಳ್ಳೇದಕ್ಕೆ, ಬಲಗೈ ಕೆಟ್ಟದ್ದಕ್ಕೆ. ಅಮ್ಮ ಅವತ್ತು ಹಂಗೇ ಹೆಕ್ಕಿದ್ಲು. ಚಳಿಗೆ ಬೆರಳು ನೀಲಿಗಟ್ಟಿತ್ತು. ಆದ್ರೂ ಒಡಕಲು, ಹುಳುಕಲು, ಕರೀದು, ಎಲ್ಲಾ ಬಲಗೈಗೆ. ಬೇಕು ಅಂತಲ್ಲ. ದಿನಾ ಬೀಜ ಆರಿಸಿದ ಕೈಗೆ ಬೇರೆ ಥರ ಬರ್ತಿರ್ಲಿಲ್ಲ. ಎರಡು ಗುಡ್ಡೆ ಮಾಡಿ ಅವನ ಮುಂದೆ ಹಿಡಿದ್ಲು."

ಅವಳು ಮುಂದಿನ ಬೀಜ ಎತ್ತಿಕೊಂಡಳು. ಹೆಬ್ಬೆರಳು ಅದನ್ನು ತಾನಾಗಿಯೇ ಹೊರಳಿಸಿತು. ಹೊಟ್ಟೆ, ಬೆನ್ನು, ನಡುವಿನ ಗೀರು. ಹುರಿದ ಬೀಜ. ಕಪ್ಪು. ಮೊದಲನೆಯದೂ ಕಪ್ಪು, ಇದೂ ಕಪ್ಪು, ಕಲ್ಲಿನ ಸಂದಿಯಲ್ಲಿ ಉಳಿದಿರುವುದೂ ಕಪ್ಪು. ಕಣ್ಣಿನ ಹತ್ತಿರ ಹಿಡಿದು ನೋಡಿದಳು, ಬೆಳಕಿಗೆ ತಿರುಗಿಸಿ ನೋಡಿದಳು; ಒಳ್ಳೇದೋ ಕೆಟ್ಟದ್ದೋ ಗೊತ್ತಾಗಲಿಲ್ಲ. ಫೆನ್ಯಾ ಎರಡು ಅಂಗೈಗಳನ್ನೂ ದೂರ ದೂರ ಚಾಚಿಕೊಂಡು ಕಾಯುತ್ತಿದ್ದಳು. ಬೀಜ ಹಿಡಿದ ಕೈ ಎರಡರ ನಡುವೆ ನಿಂತಿತ್ತು.